ತಲೆ ಒಬ್ಬನದು, ಮೈ ಇನ್ನೊಬ್ಬನದು: ಮಗು ಯಾರದು?

ಸುಗ್ಗಿ ಮುಗಿದು ಜಾತ್ರೆಗಳ ಕಾಲ ಬಂತೆಂದರೆ ಯಾದಗಿರಿ, ಶಹಾಪುರ, ಸುರಪುರದ ಸೀಮೆಯ ಹಳ್ಳಿಗಳಲ್ಲಿ ಆಟದ ಅಟ್ಟ ಏಳುತ್ತದೆ. ದೊಡ್ಡಾಟದ ರಂಗಕ್ಕೆ ಬರುವ ಪಾತ್ರ ದೇವೇಂದ್ರನೇ ಆಗಿರಲಿ, ರಾಕ್ಷಸನೇ ಆಗಿರಲಿ, ಮೊದಲು ಸಾರಥಿಯ ಪ್ರಶ್ನೆಗೆ ಉತ್ತರ ಕೊಡಬೇಕು. ತಾವು ಯಾರು? ಯಾವ ಪಟ್ಟಣದವರು? ಇಲ್ಲಿಗೆ ಬಂದ ಕಾರಣವೇನು? ಪಾತ್ರಧಾರಿ ಹಾಡಿ, ಕುಣಿದು, ತನ್ನ ಹೆಸರು, ಹೆತ್ತವರು, ಪರಾಕ್ರಮ ಎಲ್ಲವನ್ನೂ ಹೇಳಿಕೊಂಡ ಮೇಲೆಯೇ ಕಥೆ ಮುಂದೆ ಸಾಗುತ್ತದೆ.

ಇದೇ ಪ್ರಶ್ನೆಯನ್ನು ಸ್ಕಾಟ್ಲೆಂಡಿನ ಒಂದು ಕುರಿಗೆ ಕೇಳಿದ್ದರೆ ಉತ್ತರ ಸುಲಭವಿರುತ್ತಿರಲಿಲ್ಲ. 1996ರ ಜುಲೈ 5ರಂದು ಎಡಿನ್‌ಬರೊ ಬಳಿಯ ರೋಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿದ ಡಾಲಿಗೆ ತಂದೆ ಇರಲಿಲ್ಲ. ತಾಯಿ ಎನ್ನಬಹುದಾದವು ಮೂರು ಕುರಿಗಳಿದ್ದವು. ಒಂದು ಕುರಿ ತನ್ನ ಜೀವಕೋಶ ಕೊಟ್ಟಿತ್ತು, ಇನ್ನೊಂದು ಅಂಡಾಣು ಕೊಟ್ಟಿತ್ತು, ಮತ್ತೊಂದು ಗರ್ಭದಲ್ಲಿ ಹೊತ್ತು ಹೆತ್ತಿತ್ತು. 1997ರ ಫೆಬ್ರುವರಿಯಲ್ಲಿ ಸುದ್ದಿ ಹೊರಬಿದ್ದಾಗ ಜಗತ್ತು ಕೇಳಿದ್ದು ಒಂದೇ ಮಾತು: ಕುರಿಯಾಯಿತು, ಮುಂದೆ ಮನುಷ್ಯನೇ?

ವಿಜ್ಞಾನಿಗಳು, ಧರ್ಮಗುರುಗಳು, ಶಾಸಕರು ಈ ಪ್ರಶ್ನೆಯನ್ನು ಚರ್ಚಿಸಿದರು. ರಂಗಭೂಮಿಯೂ ಸುಮ್ಮನಿರಲಿಲ್ಲ. ಅಮೆರಿಕದ ಸಂಗೀತಗಾರ ಸ್ಟೀವ್ ರೈಶ್ ಮತ್ತು ಅವರ ಪತ್ನಿ, ವಿಡಿಯೊ ಕಲಾವಿದೆ ಬೆರಿಲ್ ಕೊರೊಟ್ ಸೇರಿ ರಚಿಸಿದ 'ತ್ರೀ ಟೇಲ್ಸ್' ಎಂಬ ಸಂಗೀತ ರಂಗಕೃತಿ 2002ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡಿತು. ಅದರ ಮೂರನೆಯ ಕಥೆಯ ಹೆಸರೇ 'ಡಾಲಿ'. ಆದರೆ ಕನ್ನಡದ ಪ್ರೇಕ್ಷಕರಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. ಡಾಲಿಯ ಸುದ್ದಿಗೆ 26 ವರ್ಷ ಮೊದಲೇ, 1971ರಲ್ಲಿ, ಗಿರೀಶ ಕಾರ್ನಾಡರ 'ಹಯವದನ' ಹಾಡು, ಮುಖವಾಡ, ಭಾಗವತರ ಜೊತೆಗೆ ಅದನ್ನು ರಂಗಕ್ಕೆ ತಂದಿತ್ತು.

ಕಬ್ಬಿನ ತುಂಡೂ ತದ್ರೂಪಿಯೇ

ತದ್ರೂಪಿ ಎಂದರೆ ಏನು? ಇಂಗ್ಲಿಷಿನ 'ಕ್ಲೋನ್' ಎಂಬ ಪದ ಬಂದಿರುವುದು ಚಿಗುರು, ಕಡ್ಡಿ ಎಂಬರ್ಥದ ಗ್ರೀಕ್ ಪದದಿಂದ. ಇದನ್ನು ರೈತನಿಗೆ ವಿವರಿಸಿ ಹೇಳಬೇಕಿಲ್ಲ. ಕಬ್ಬಿನ ತುಂಡನ್ನು ನೆಟ್ಟು ಹೊಸ ಕಬ್ಬು ಬೆಳೆಯುವಾಗ, ಬಾಳೆಯ ಕಂದನ್ನು ಕಿತ್ತು ಬೇರೆ ಕಡೆ ಹಚ್ಚುವಾಗ, ವೀಳ್ಯದೆಲೆಯ ಬಳ್ಳಿಯನ್ನು ಕತ್ತರಿಸಿ ನಾಟಿ ಮಾಡುವಾಗ ಆತ ತಯಾರಿಸುವುದು ತದ್ರೂಪಿಗಳನ್ನೇ. ಅಲ್ಲಿ ಗಂಡು ಹೆಣ್ಣಿನ ಮಿಲನವಿಲ್ಲ. ಬೀಜವಿಲ್ಲ. ತಾಯಿ ಗಿಡದ ಗುಣವೆಲ್ಲ ಮರಿ ಗಿಡದಲ್ಲಿರುತ್ತದೆ.

ಪ್ರಾಣಿಗಳಲ್ಲಿ ಇದು ಇಷ್ಟು ಸರಳವಲ್ಲ. ಕುರಿಯ ಕಿವಿಯನ್ನು ನೆಟ್ಟರೆ ಕುರಿ ಹುಟ್ಟುವುದಿಲ್ಲ. ಬೆಳೆದ ಪ್ರಾಣಿಯ ಪ್ರತಿ ಜೀವಕೋಶದ ಕೇಂದ್ರದಲ್ಲಿ ಇಡೀ ಮೈಯನ್ನು ಕಟ್ಟುವ ವಂಶವಾಹಿಗಳ ಪೂರ್ಣ ಪ್ರತಿ ಇರುತ್ತದೆ. ಆದರೆ ಚರ್ಮದ ಕೋಶ ಚರ್ಮಕ್ಕೆ ಬೇಕಾದ ಪುಟಗಳನ್ನು ಮಾತ್ರ ಓದುತ್ತದೆ, ಉಳಿದವು ಮುಚ್ಚಿರುತ್ತವೆ. ಮುಚ್ಚಿದ ಪುಟಗಳನ್ನು ಮತ್ತೆ ತೆರೆಸುವುದೇ ಇಯಾನ್ ವಿಲ್ಮಟ್, ಕೀತ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಸಾಧಿಸಿದ ಕೆಲಸ. ಆರು ವರ್ಷದ ಬಿಳಿ ಮುಖದ ಕುರಿಯೊಂದರ ಕೆಚ್ಚಲಿನ ಕೋಶವನ್ನು ಅವರು ತೆಗೆದುಕೊಂಡರು. ಕಪ್ಪು ಮುಖದ ಕುರಿಯ ಅಂಡಾಣುವಿನಿಂದ ಅದರ ಕೋಶಕೇಂದ್ರವನ್ನು ಹೊರತೆಗೆದರು. ಎರಡನ್ನೂ ವಿದ್ಯುತ್ತಿನ ಸಣ್ಣ ಹೊಡೆತದಿಂದ ಬೆಸೆದರು. ಕಪ್ಪು ಮುಖದ ಕುರಿಯ ಗರ್ಭದಿಂದ ಬಿಳಿ ಮುಖದ ಮರಿ ಹುಟ್ಟಿದಾಗಲೇ ಪ್ರಯೋಗ ಗೆದ್ದದ್ದು ಕಣ್ಣಿಗೆ ಕಂಡಿತು.

ಈ ಗೆಲುವಿನ ಲೆಕ್ಕವನ್ನೂ ನೋಡಬೇಕು. ಬೆಸೆದ ಅಂಡಾಣುಗಳು 277. ಭ್ರೂಣವಾಗಿ ಬೆಳೆದವು 29. ಅವನ್ನು 13 ಕುರಿಗಳ ಗರ್ಭದಲ್ಲಿ ಇಡಲಾಯಿತು. ಬದುಕಿ ಬಂದದ್ದು ಒಂದೇ ಮರಿ. ಡಾಲಿ ಆರು ಮರಿಗಳನ್ನು ಈದು, ಶ್ವಾಸಕೋಶದ ಕಾಯಿಲೆಗೆ ತುತ್ತಾಗಿ 2003ರ ಫೆಬ್ರುವರಿ 14ರಂದು ದಯಾಮರಣ ಪಡೆಯಿತು.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ಹರಿಯಾಣದ ಕರ್ನಾಲಿನ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 2009ರ ಫೆಬ್ರುವರಿಯಲ್ಲಿ ಹುಟ್ಟಿದ ತದ್ರೂಪಿ ಎಮ್ಮೆ ಕರು ಕೆಲವೇ ದಿನಗಳಲ್ಲಿ ಸತ್ತಿತು. ಅದೇ ವರ್ಷ ಜೂನ್ 6ರಂದು ಹುಟ್ಟಿದ 'ಗರಿಮಾ' ಎರಡು ವರ್ಷ ಬದುಕಿತು. 2010ರಲ್ಲಿ ಹುಟ್ಟಿದ 'ಗರಿಮಾ-2' ಬೆಳೆದು, 2013ರ ಜನವರಿಯಲ್ಲಿ ತಾನೇ ಕರು ಹಾಕಿತು. ಹೆಚ್ಚು ಹಾಲು ಕೊಡುವ ಎಮ್ಮೆಯ ಪ್ರತಿಗಳನ್ನು ಪಡೆಯುವುದು ಈ ಕೆಲಸದ ಉದ್ದೇಶ. ಎಮ್ಮೆಯ ವಿಷಯದಲ್ಲಿ ಈ ಉದ್ದೇಶ ಯಾರಿಗೂ ತಪ್ಪೆನಿಸದು. ಮನುಷ್ಯನ ವಿಷಯದಲ್ಲಿ ಹೀಗೆ 'ಉದ್ದೇಶ' ಇಟ್ಟುಕೊಂಡು ಮಗುವನ್ನು ಹುಟ್ಟಿಸಬಹುದೇ ಎಂಬಲ್ಲಿಗೆ ಬಂದಾಗ ತೊಡಕು ಆರಂಭವಾಗುತ್ತದೆ.

ರಕ್ತಬೀಜನ ಕಥೆ ಹೇಳುವುದೇನು?

ನವರಾತ್ರಿ ಬಂದರೆ ಸಗರನಾಡಿನ ಹಳ್ಳಿಗಳ ಗುಡಿಗಳಲ್ಲಿ ದೇವಿ ಪುರಾಣ ಹಚ್ಚುತ್ತಾರೆ. ಚಿದಾನಂದಾವಧೂತರ ಷಟ್ಪದಿಯನ್ನು ಒಬ್ಬರು ರಾಗವಾಗಿ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಾರೆ. ಕೇಳುವವರು ಮೈಯೆಲ್ಲ ಕಿವಿಯಾಗುವುದು ರಕ್ತಬೀಜಾಸುರನ ಅಧ್ಯಾಯ ಬಂದಾಗ. ಅವನ ರಕ್ತದ ಹನಿ ನೆಲಕ್ಕೆ ಬಿದ್ದಲ್ಲೆಲ್ಲ ಅವನಂಥದ್ದೇ ರೂಪ, ಅವನಷ್ಟೇ ಬಲದ ಇನ್ನೊಬ್ಬ ರಾಕ್ಷಸ ಎದ್ದು ನಿಲ್ಲುತ್ತಾನೆ. ಹೊಡೆದಷ್ಟೂ ಹೆಚ್ಚುತ್ತಾರೆ. ಕೊನೆಗೆ ಕಾಳಿ ನಾಲಿಗೆ ಚಾಚಿ, ಹನಿ ನೆಲ ಮುಟ್ಟದಂತೆ ರಕ್ತವನ್ನು ಹೀರಿದ ಮೇಲೆಯೇ ಅವನ ಅಂತ್ಯ.

ಇದನ್ನು ಹಿಡಿದು 'ತದ್ರೂಪಿ ವಿಜ್ಞಾನ ನಮ್ಮ ಹಿರಿಯರಿಗೆ ಗೊತ್ತಿತ್ತು' ಎನ್ನುವವರಿದ್ದಾರೆ. 2019ರ ಜನವರಿಯಲ್ಲಿ ಜಲಂಧರಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಕುಲಪತಿಯೊಬ್ಬರು, ಗಾಂಧಾರಿಯ ನೂರು ಮಕ್ಕಳು ಪ್ರನಾಳ ಶಿಶುಗಳೆಂದು ಹೇಳಿದಾಗ ವಿಜ್ಞಾನಿಗಳು ಪ್ರತಿಭಟಿಸಿದರು. ಅವರ ಆಕ್ಷೇಪ ಸರಿಯಾದುದೇ. ಕಥೆಯಲ್ಲಿ ಸೂಕ್ಷ್ಮದರ್ಶಕವಿಲ್ಲ, ವಿಧಾನವಿಲ್ಲ, ಮರುಪರೀಕ್ಷೆಯಿಲ್ಲ. ಮೇಲಾಗಿ, ರಕ್ತಬೀಜನ ಪ್ರತಿಗಳು ಬಲಿತ ಯೋಧರಾಗಿಯೇ ಎದ್ದು ನಿಲ್ಲುತ್ತವೆ. ನಿಜವಾದ ತದ್ರೂಪಿ ಹಾಗಲ್ಲ. ಅದಕ್ಕೆ ಒಂದು ಅಂಡಾಣು ಬೇಕು, ಒಂದು ಗರ್ಭ ಬೇಕು. ಹಾಲು ಕುಡಿದು, ಅಂಬೆಗಾಲಿಟ್ಟು ಬೆಳೆಯಬೇಕು.

ಹಾಗೆಂದು ಕಥೆಗೆ ಬೆಲೆ ಇಲ್ಲವೆಂದಲ್ಲ. ಅದು ವಿಜ್ಞಾನ ಹೇಳುವುದಿಲ್ಲ, ಭಯ ಹೇಳುತ್ತದೆ. ಒಬ್ಬನೇ ಹಲವನಾಗಿ ಲೋಕವನ್ನು ತುಂಬಿಕೊಂಡರೆ ಉಳಿದವರಿಗೆ ಜಾಗವೆಲ್ಲಿ ಎಂಬ ಭಯ ಅದು. ಡಾಲಿ ಹುಟ್ಟಿದಾಗ ಸರ್ವಾಧಿಕಾರಿಗಳು ತಮ್ಮ ಪ್ರತಿಗಳ ಸೈನ್ಯ ಕಟ್ಟುವರೆಂದು ಹರಡಿದ ಗುಲ್ಲು ರಕ್ತಬೀಜನ ಕಥೆಯ ಇನ್ನೊಂದು ರೂಪವಷ್ಟೆ. ಪುರಾಣ ಉತ್ತರಿಸದೆ ಬಿಟ್ಟ ಪ್ರಶ್ನೆಯೊಂದಿದೆ: ಹನಿಯಿಂದ ಎದ್ದವನ ದೃಷ್ಟಿಯಲ್ಲಿ ತಾನು ಯಾರು? ಆ ಕಡೆ ತಿರುಗಿದ್ದು ಆಧುನಿಕ ನಾಟಕ.

ಹಯವದನದ ತೊಡಕು

'ಹಯವದನ'ದ ಮೂಲ ಹನ್ನೊಂದನೆಯ ಶತಮಾನದ 'ಕಥಾಸರಿತ್ಸಾಗರ'ದಲ್ಲಿ ಬರುವ ಬೇತಾಳದ ಕಥೆ. ಅದನ್ನು ಜರ್ಮನ್ ಕಾದಂಬರಿಕಾರ ಥಾಮಸ್ ಮನ್ 1940ರಲ್ಲಿ ಹೊಸದಾಗಿ ಬರೆದರು. ಎರಡನ್ನೂ ಬಲ್ಲ ಕಾರ್ನಾಡರು ಅದಕ್ಕೆ ಯಕ್ಷಗಾನ, ಬಯಲಾಟಗಳ ಮೈ ಕೊಟ್ಟರು. ಗುಬ್ಬಿ ಕಂಪನಿಯಲ್ಲಿ ಪಳಗಿದ ಬಿ.ವಿ. ಕಾರಂತರು ಅದನ್ನು ನಿರ್ದೇಶಿಸಿ, ಸಂಗೀತ ಕೊಟ್ಟ ಮೇಲೆ ನಾಟಕದ ಹಾಡುಗಳೂ ಜನಪ್ರಿಯವಾದವು. ಮಾತಿನಷ್ಟೇ ಹಾಡೂ ಕಥೆ ಹೇಳುವ ನಾಟಕವಿದು.

ದೇವದತ್ತ ಬುದ್ಧಿವಂತ, ಕವಿ. ಕಪಿಲ ಗಟ್ಟಿ ಮೈಯವನು. ಇಬ್ಬರೂ ಪ್ರಾಣಸ್ನೇಹಿತರು. ದೇವದತ್ತನ ಹೆಂಡತಿ ಪದ್ಮಿನಿಗೆ ಒಬ್ಬನ ಬುದ್ಧಿಯೂ ಬೇಕು, ಇನ್ನೊಬ್ಬನ ಮೈಯೂ ಬೇಕು. ಕಾಳಿಯ ಗುಡಿಯಲ್ಲಿ ಇಬ್ಬರೂ ತಲೆ ಕಡಿದುಕೊಂಡಾಗ, ನಿದ್ದೆಗಣ್ಣಿನ ದೇವಿ ತಲೆಗಳನ್ನು ಮೈಗೆ ಜೋಡಿಸಲು ಹೇಳುತ್ತಾಳೆ. ಗಡಿಬಿಡಿಯಲ್ಲಿ ಪದ್ಮಿನಿ ಅದಲು ಬದಲು ಮಾಡುತ್ತಾಳೆ. ಈಗ ಗಂಡ ಯಾರು? ದೇವದತ್ತನ ತಲೆ ಹೊತ್ತವನೋ, ದೇವದತ್ತನ ಮೈ ಉಳಿಸಿಕೊಂಡವನೋ? ಬೇತಾಳನ ಕಥೆಯಲ್ಲಿ ರಾಜ ಕೊಟ್ಟ ತೀರ್ಪನ್ನೇ ನಾಟಕದ ಋಷಿಯೂ ಕೊಡುತ್ತಾನೆ: ಅಂಗಗಳಲ್ಲಿ ತಲೆಯೇ ಹೆಚ್ಚು, ಆದ್ದರಿಂದ ತಲೆ ಯಾರದೋ ಅವನೇ ಗಂಡ.

ಬೇತಾಳನ ಕಥೆ ಇಲ್ಲಿಗೆ ಮುಗಿಯುತ್ತದೆ. ಕಾರ್ನಾಡರ ನಾಟಕ ಇಲ್ಲಿಂದ ಮುಂದೆ ನಡೆಯುತ್ತದೆ. ತಲೆ ತನ್ನ ಹಳೆಯ ಅಭ್ಯಾಸಕ್ಕೆ ತಕ್ಕಂತೆ ಹೊಸ ಮೈಯನ್ನು ಬಗ್ಗಿಸುತ್ತದೆ. ಕವಿಯ ತಲೆಯ ಕೆಳಗೆ ಜಟ್ಟಿಯ ಮೈ ಮೆತ್ತಗಾಗುತ್ತದೆ. ಕಾಡು ಸೇರಿದ ಕಪಿಲನಿಗೆ ತಾನು ಅನುಭವಿಸದ ನೆನಪುಗಳು ಮೈಯ ಮೂಲಕ ಬಂದು ಕಾಡುತ್ತವೆ. ಪದ್ಮಿನಿಗೆ ಹುಟ್ಟಿದ ಮಗುವಿನ ಭುಜದ ಮೇಲೆ ಒಂದು ಮಚ್ಚೆ ಇದೆ. ಅದನ್ನು ಆಕೆ ಕಪಿಲನಿಗೆ ತೋರಿಸುತ್ತಾಳೆ. ಕಡೆಗೆ ಗೆಳೆಯರಿಬ್ಬರೂ ಕಾದಾಡಿ ಸಾಯುತ್ತಾರೆ. ಪದ್ಮಿನಿ ಬೆಂಕಿ ಸೇರುತ್ತಾಳೆ. ಉಳಿಯುವುದು ಮಾತನಾಡದ, ನಗದ ಒಂದು ಮಗು.

ನಾಟಕ ಬರುವ ಒಂದು ವರ್ಷ ಮೊದಲು, 1970ರಲ್ಲಿ, ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ವೈಟ್ ಒಂದು ಕೋತಿಯ ತಲೆಯನ್ನು ಇನ್ನೊಂದರ ಮೈಗೆ ಜೋಡಿಸಿದ್ದರು. ಕೋತಿಗೆ ಎಚ್ಚರ ಬಂದಿತಾದರೂ ಬೆನ್ನುಹುರಿ ಬೆಸೆಯದ ಕಾರಣ ಮೈ ಅಲುಗಲಿಲ್ಲ, ಬಹಳ ಕಾಲ ಬದುಕಲೂ ಇಲ್ಲ. ತಲೆ ಬದಲಾವಣೆ ಇಂದಿಗೂ ಮನುಷ್ಯನಲ್ಲಿ ಸಾಧ್ಯವಾಗಿಲ್ಲ. ಆದರೆ ನಾಟಕ ಎತ್ತಿದ ಪ್ರಶ್ನೆ ಈಗ ಅಂಡಾಣುವಿನ ಮಟ್ಟಕ್ಕೆ ಇಳಿದಿದೆ.

ಋಷಿ ಹೇಳಿದ್ದು ಒಂದು, ವಂಶವಾಹಿ ಹೇಳುವುದು ಇನ್ನೊಂದು

ತಳಿವಿಜ್ಞಾನಿಯ ಮುಂದೆ ಪದ್ಮಿನಿಯ ಪ್ರಕರಣವನ್ನು ಇಟ್ಟರೆ ಏನಾಗುತ್ತದೆ? ವೀರ್ಯಾಣು ತಯಾರಾಗುವುದು ತಲೆಯಲ್ಲಲ್ಲ, ಮೈಯಲ್ಲಿ. ಆದ್ದರಿಂದ ಋಷಿಯ ತೀರ್ಪಿನಂತೆ ಗಂಡ ದೇವದತ್ತನಾದರೂ, ಅವನಿಂದ ಪದ್ಮಿನಿಗೆ ಹುಟ್ಟಿದ ಮಗು ವಂಶವಾಹಿಯ ಲೆಕ್ಕದಲ್ಲಿ ಕಪಿಲನದು. ಧರ್ಮಶಾಸ್ತ್ರ ಒಬ್ಬನನ್ನು ತಂದೆ ಎನ್ನುತ್ತದೆ, ರಕ್ತಪರೀಕ್ಷೆ ಇನ್ನೊಬ್ಬನನ್ನು ತೋರಿಸುತ್ತದೆ. ಎರಡೂ ತಮ್ಮ ತಮ್ಮ ಮಟ್ಟಿಗೆ ಸರಿಯೇ. ತಂದೆತನ ಎಂಬುದು ಒಂದೇ ಸಂಗತಿಯಲ್ಲ, ಹಲವು ಸಂಗತಿಗಳ ಗಂಟು ಎಂಬುದು ಆಗ ಬಿಚ್ಚಿಕೊಳ್ಳುತ್ತದೆ.

ತಾಯಿತನವೂ ಹೀಗೆಯೇ ಬಿಚ್ಚಿಕೊಂಡಿದೆ. ಅಂಡಾಣುವಿನ ಕೇಂದ್ರವನ್ನು ತೆಗೆದರೂ ಅದರ ಹೊರಭಾಗದಲ್ಲಿ ಮೈಟೋಕಾಂಡ್ರಿಯ ಎಂಬ ಶಕ್ತಿಘಟಕಗಳು ಉಳಿಯುತ್ತವೆ. ಅವಕ್ಕೆ ತಮ್ಮದೇ ಸ್ವಲ್ಪ ಡಿಎನ್‌ಎ ಇರುತ್ತದೆ. ಹೀಗಾಗಿ ಡಾಲಿ ಕೂಡ ಬಿಳಿ ಮುಖದ ಕುರಿಯ ನೂರಕ್ಕೆ ನೂರು ಪ್ರತಿಯಾಗಿರಲಿಲ್ಲ. ಮೈಟೋಕಾಂಡ್ರಿಯದ ದೋಷದಿಂದ ಮಕ್ಕಳಿಗೆ ಮಾರಕ ಕಾಯಿಲೆ ಬರುವ ಕುಟುಂಬಗಳಿಗಾಗಿ ಬ್ರಿಟನ್ 2015ರಲ್ಲಿ ಕಾನೂನು ಬದಲಿಸಿ, ದಂಪತಿಯ ಕೋಶಕೇಂದ್ರವನ್ನು ಇನ್ನೊಬ್ಬ ಮಹಿಳೆಯ ಅಂಡಾಣುವಿನಲ್ಲಿ ಇಡಲು ಅನುಮತಿ ಕೊಟ್ಟಿತು. ಈ ವಿಧಾನದಿಂದ ಎಂಟು ಮಕ್ಕಳು ಹುಟ್ಟಿರುವುದನ್ನು ಅಲ್ಲಿನ ನ್ಯೂಕ್ಯಾಸಲ್‌ನ ತಜ್ಞರು 2025ರ ಜುಲೈನಲ್ಲಿ ಪ್ರಕಟಿಸಿದರು. ಇದು ತದ್ರೂಪಿ ಸೃಷ್ಟಿಯಲ್ಲ, ರೋಗ ತಡೆಯುವ ಚಿಕಿತ್ಸೆ. ಆದರೆ ಒಂದು ಮಗುವಿನಲ್ಲಿ ಮೂವರ ಅಂಶ ಇರುವುದಂತೂ ನಿಜ.

ಇಷ್ಟೆಲ್ಲ ಆದರೂ ಮನುಷ್ಯನ ತದ್ರೂಪಿ ಸತ್ತವರನ್ನು ಮರಳಿ ತರಲಾರದು. ಈ ಭಾಗದ ಮನೆಗಳಲ್ಲಿ ಮೊಮ್ಮಗನಿಗೆ ತೀರಿಕೊಂಡ ಅಜ್ಜನ ಹೆಸರಿಟ್ಟು 'ಅಜ್ಜನೇ ಹುಟ್ಟಿ ಬಂದ' ಎನ್ನುವುದುಂಟು. ಅದು ಪ್ರೀತಿಯ ಮಾತು. ಹುಡುಗ ಬೆಳೆದು ಅಜ್ಜನಂತಾಗದಿದ್ದರೆ ಯಾರೂ ಅವನನ್ನು ದೂರುವುದಿಲ್ಲ. ತದ್ರೂಪಿ ಮಗುವಿನ ಮೇಲೆ ಬೀಳುವ ಭಾರ ಬೇರೆ. ಅದು ಇನ್ನೊಬ್ಬರಂತೆ ಆಗಲೆಂದೇ ಹುಟ್ಟಿಸಿದ ಮಗು. ಒಂದೇ ವಂಶವಾಹಿಯ ಅವಳಿಗಳೂ ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ ಬೆಳೆದು ಎರಡು ಬೇರೆ ಮನುಷ್ಯರಾಗುತ್ತಾರೆ. ಮೂವತ್ತು ವರ್ಷ ತಡವಾಗಿ ಹುಟ್ಟಿದ ಅವಳಿ ಮೊದಲಿನವನಂತೆಯೇ ಆಗುವುದು ಎಲ್ಲಿಯ ಮಾತು? ಸತ್ತ ಮಗನನ್ನು ಬೇಡಿದ ತಂದೆಗೆ ಸಿಗುವುದು ಹೊಸ ಮಗನೇ. ಲಂಡನ್ನಿನಲ್ಲಿ 2002ರಲ್ಲಿ ರಂಗಕ್ಕೆ ಬಂದ ಕ್ಯಾರಿಲ್ ಚರ್ಚಿಲ್ ಅವರ 'ಎ ನಂಬರ್' ನಾಟಕ ಇದನ್ನೇ ಹಿಡಿಯುತ್ತದೆ. ಅಲ್ಲಿ ತಂದೆ ತನ್ನ ಮಗನ ಪ್ರತಿಗಳೆದುರು ಉತ್ತರ ಕೊಡಬೇಕಾಗುತ್ತದೆ.

ವಿಜ್ಞಾನಿಯ ಮಾತೇ ಹಾಡಾದಾಗ

'ತ್ರೀ ಟೇಲ್ಸ್' ಸುಮಾರು ಒಂದು ತಾಸಿನ ಕೃತಿ. 1937ರಲ್ಲಿ ಉರಿದು ಬಿದ್ದ ಜರ್ಮನಿಯ ಹಿಂಡನ್‌ಬರ್ಗ್ ವಾಯುನೌಕೆ ಮೊದಲ ಕಥೆ. ಬಿಕಿನಿ ದ್ವೀಪದ ಜನರನ್ನು ಒಕ್ಕಲೆಬ್ಬಿಸಿ ನಡೆಸಿದ ಅಣುಬಾಂಬ್ ಪರೀಕ್ಷೆ ಎರಡನೆಯದು. ಡಾಲಿ ಮೂರನೆಯದು. ಮೂರರಲ್ಲೂ ಮನುಷ್ಯನ ಜಾಣ್ಮೆಯೇ ನಾಯಕ, ಅವನ ಅಹಂಕಾರವೇ ಪ್ರತಿನಾಯಕ.

ಇಲ್ಲಿ ರಾಜ ವೇಷವಿಲ್ಲ, ಕಿರೀಟವಿಲ್ಲ. ರಿಚರ್ಡ್ ಡಾಕಿನ್ಸ್, ಜೇಮ್ಸ್ ವಾಟ್ಸನ್ ಮೊದಲಾದ ವಿಜ್ಞಾನಿಗಳ ಸಂದರ್ಶನಗಳು ಪರದೆಯ ಮೇಲೆ ಮೂಡುತ್ತವೆ. ಅವರ ಮಾತಿನ ಏರಿಳಿತವನ್ನೇ ವಾದ್ಯಗಳು ಹಿಡಿದು ನುಡಿಸುತ್ತವೆ. ಒಂದು ಪದದ ಸ್ವರವನ್ನು ಹಿಡಿದು ನಿಲ್ಲಿಸಿ ಎಳೆಯಲಾಗುತ್ತದೆ. ಒಂದು ವಾಕ್ಯವನ್ನು ಶ್ರುತಿ ಕೆಡದಂತೆ ನಿಧಾನಗೊಳಿಸಲಾಗುತ್ತದೆ. ದೇಹವೆಂದರೆ ಯಂತ್ರವೇ ಎಂಬ ವಾದ ಹಲವು ಸಲ ಮರುಕಳಿಸಿದಂತೆ ಅದು ಸಿದ್ಧಾಂತವಾಗಿ ಕೇಳಿಸದೆ ಮಂತ್ರದಂತೆ ಕೇಳಿಸತೊಡಗುತ್ತದೆ. ಅದರ ಪಕ್ಕದಲ್ಲೇ, ತೋಟವನ್ನು ಕಾಯಲೆಂದು ಮನುಷ್ಯನನ್ನು ಇರಿಸಿದ ಬೈಬಲ್ಲಿನ ಸೃಷ್ಟಿಕಥೆ ಬರುತ್ತದೆ. ಕೃತಿ ತೀರ್ಪು ಕೊಡುವುದಿಲ್ಲ. ಪಾತ್ರದ ಮಾತನ್ನು ಹಿಮ್ಮೇಳ ಎತ್ತಿಕೊಂಡು ಎಳೆದಾಗ ಆ ಮಾತಿನ ಇನ್ನೊಂದು ಅರ್ಥ ಹೊಳೆಯುವುದನ್ನು ಬಯಲಾಟ ನೋಡಿದವರು ಬಲ್ಲರು. ರೈಶ್ ಬಳಸಿದ್ದು ಕಂಪ್ಯೂಟರ್ ಆದರೂ ಗುಟ್ಟು ಅದೇ.

ಇದು ಪರದೇಶದ ಮಾತಲ್ಲ

ವಂಶವಾಹಿಯ ನೀತಿ ದೂರದ ದೇಶಗಳ ಚರ್ಚೆ ಎನ್ನುವವರು ಶಹಾಪುರ, ಸುರಪುರ ತಾಲ್ಲೂಕುಗಳ ಹತ್ತಿ ಹೊಲಗಳನ್ನು ನೋಡಬೇಕು. 1998ರ ನವೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರೈತ ಸಂಘದವರು ಪಕ್ಕದ ರಾಯಚೂರು ಜಿಲ್ಲೆಯಲ್ಲಿ ಬಿಟಿ ಹತ್ತಿಯ ಪ್ರಾಯೋಗಿಕ ಹೊಲಕ್ಕೆ ಬೆಂಕಿ ಇಟ್ಟರು. 2002ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಅದೇ ಹತ್ತಿಗೆ ಅನುಮತಿ ನೀಡಿತು. ಮಣ್ಣಿನ ಬ್ಯಾಕ್ಟೀರಿಯವೊಂದರ ವಂಶವಾಹಿಯನ್ನು ಸೇರಿಸಿದ ಈ ಹತ್ತಿ ಕಾಯಿಕೊರಕ ಹುಳುವನ್ನು ಕೊಲ್ಲುತ್ತದೆ. ಆರಂಭದಲ್ಲಿ ಔಷಧ ಸಿಂಪಡಣೆ ಕಡಿಮೆಯಾದದ್ದು ನಿಜ. ಮುಂದೆ ಗುಲಾಬಿ ಕಾಯಿಕೊರಕ ಅದನ್ನು ತಡೆದುಕೊಳ್ಳಲು ಕಲಿತದ್ದೂ ನಿಜ. ಬೀಜ ಸಂಕರ ತಳಿಯಾದ್ದರಿಂದ ರೈತ ಪ್ರತಿ ವರ್ಷ ಅಂಗಡಿಗೇ ಹೋಗಬೇಕು. ಇದೂ ತದ್ರೂಪಿಯಲ್ಲ. ಆದರೆ ಜೀವದ ಮೇಲೆ ಹಕ್ಕು ಯಾರದು, ತೀರ್ಮಾನ ಮಾಡುವವರು ಯಾರು, ನಷ್ಟ ಹೊರುವವರು ಯಾರು ಎಂಬ ಪ್ರಶ್ನೆ ಎರಡರಲ್ಲೂ ಒಂದೇ.

ಮದುವೆಯ ಮಾತುಕತೆಯಲ್ಲೂ ಈ ಪ್ರಶ್ನೆ ಇದೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವುದು ಈ ಭಾಗದಲ್ಲಿ ಹಳೆಯ ರೂಢಿ. ಸೋದರ ಮಾವ ಮತ್ತು ಸೊಸೆಯ ನಡುವೆ ಸರಾಸರಿ ನಾಲ್ಕನೇ ಒಂದು ಭಾಗ, ಅತ್ತೆ-ಮಾವಂದಿರ ಮಕ್ಕಳ ನಡುವೆ ಎಂಟನೇ ಒಂದು ಭಾಗ ವಂಶವಾಹಿಗಳು ಸಮಾನ. ಮನೆತನದಲ್ಲಿ ಅಡಗಿದ ದೋಷ ತಂದೆ ತಾಯಿ ಇಬ್ಬರಿಂದಲೂ ಬಂದು ಮಗುವಿನಲ್ಲಿ ಸೇರುವ ಸಂಭವ ಆಗ ಹೆಚ್ಚು. ಅಪಾಯ ತಿಳಿಸುವುದು ವೈದ್ಯರ ಕರ್ತವ್ಯ. ಆದರೆ 'ಒಳ್ಳೆಯ ವಂಶವಾಹಿ', 'ಕೆಟ್ಟ ವಂಶವಾಹಿ' ಎಂದು ಮನುಷ್ಯರನ್ನೇ ವಿಂಗಡಿಸುವ ಮಟ್ಟಕ್ಕೆ ಇಳಿದರೆ ಅದು ವೈದ್ಯವಲ್ಲ. ಗಂಡು ಬೇಕು, ಹೆಣ್ಣು ಬೇಡ ಎಂಬ ಆಯ್ಕೆಗೆ ಸ್ಕ್ಯಾನಿಂಗ್ ಯಂತ್ರ ಬಳಕೆಯಾದ ಕಹಿ ಅನುಭವದಿಂದಲೇ ದೇಶದಲ್ಲಿ 1994ರ ಲಿಂಗಪತ್ತೆ ನಿಷೇಧ ಕಾಯಿದೆ ಬಂತು. ಮಗುವನ್ನು ಆರಿಸಿಕೊಳ್ಳುವ ಶಕ್ತಿ ಕೈಗೆ ಬಂದರೆ ಸಮಾಜ ಅದನ್ನು ಹೇಗೆ ಬಳಸಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕಾನೂನು ಏನು ಹೇಳುತ್ತದೆ?

ವಿಶ್ವಸಂಸ್ಥೆಯ ಮಹಾಸಭೆ 2005ರ ಮಾರ್ಚಿನಲ್ಲಿ ಮಾನವ ತದ್ರೂಪಿ ಸೃಷ್ಟಿಯ ವಿರುದ್ಧ ಘೋಷಣೆ ಅಂಗೀಕರಿಸಿತು. ಪರ 84, ವಿರುದ್ಧ 34 ಮತ ಬಿದ್ದವು, 37 ದೇಶಗಳು ತಟಸ್ಥವಾಗಿದ್ದವು. ಅದು ಕಡ್ಡಾಯ ಕಾನೂನಲ್ಲ. ಚಿಕಿತ್ಸೆಗಾಗಿ ನಡೆಯುವ ಸಂಶೋಧನೆಗೂ ಅದು ಅಡ್ಡಿಯಾಗುತ್ತದೆಂದು ಭಾರತ ವಿರುದ್ಧ ಮತ ಹಾಕಿತು. ಹಾಗೆಂದು ಮನುಷ್ಯನ ಪ್ರತಿ ಹುಟ್ಟಿಸಲು ಇಲ್ಲಿ ಅವಕಾಶವಿಲ್ಲ. 2017ರ ರಾಷ್ಟ್ರೀಯ ಕಾಂಡಕೋಶ ಸಂಶೋಧನಾ ಮಾರ್ಗಸೂಚಿ ಅದನ್ನು ನಿಷೇಧಿತ ಪಟ್ಟಿಯಲ್ಲಿ ಇಟ್ಟಿದೆ.

ನಿಷೇಧದ ಗೆರೆಯನ್ನು ದಾಟುವವರೂ ಇದ್ದಾರೆ. 2018ರ ನವೆಂಬರಿನಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿ ಭ್ರೂಣದ ವಂಶವಾಹಿಯನ್ನು ತಿದ್ದಿ ಅವಳಿ ಹೆಣ್ಣುಮಕ್ಕಳು ಹುಟ್ಟುವಂತೆ ಮಾಡಿರುವುದಾಗಿ ಪ್ರಕಟಿಸಿದರು. ಮರುವರ್ಷ ಅಲ್ಲಿನ ನ್ಯಾಯಾಲಯ ಅವರಿಗೆ ಮೂರು ವರ್ಷ ಸೆರೆವಾಸ ವಿಧಿಸಿತು. ಶಿಕ್ಷೆ ಮುಗಿಯಿತು. ಆ ಮಕ್ಕಳ ಮೈಯಲ್ಲಿ ಆದ ತಿದ್ದುಪಡಿ ಮುಗಿಯುವಂಥದ್ದಲ್ಲ. ಅದು ಅವರ ಮಕ್ಕಳಿಗೂ ಹೋಗಬಹುದು.

ಇಲ್ಲಿಗೆ ಡಾಲಿಯ 277ರ ಲೆಕ್ಕ ಮತ್ತೆ ಮುಂದೆ ಬರುತ್ತದೆ. ಮನುಷ್ಯನಲ್ಲಿ ಅದೇ ಪ್ರಯೋಗ ನಡೆದರೆ ಅಷ್ಟು ಅಂಡಾಣುಗಳು ಹೆಂಗಸರ ಮೈಯಿಂದಲೇ ಬರಬೇಕು. ನಿಲ್ಲದ ಗರ್ಭಗಳೂ ಅವರವೇ, ದೋಷ ಹೊತ್ತು ಹುಟ್ಟುವ ಕೂಸುಗಳನ್ನು ಸಾಕುವವರೂ ಅವರೇ. ನೀತಿಯ ಚರ್ಚೆಯಲ್ಲಿ ಆತ್ಮ, ದೇವರು, ಪ್ರಕೃತಿ ಎಂಬ ದೊಡ್ಡ ಮಾತುಗಳು ಬರುತ್ತವೆ. ಈ ಸಣ್ಣ ಲೆಕ್ಕ ಅನೇಕ ವೇಳೆ ಮರೆತುಹೋಗುತ್ತದೆ.

'ಹಯವದನ'ದಲ್ಲಿ ಇನ್ನೊಂದು ಕಥೆಯೂ ಇದೆ. ಮನುಷ್ಯನ ಮೈ, ಕುದುರೆಯ ತಲೆ ಇರುವ ಹಯವದನ ಪೂರ್ಣನಾಗಬೇಕೆಂದು ಬೇಡಿ, ಕೊನೆಗೆ ಪೂರ್ಣ ಕುದುರೆಯೇ ಆಗುತ್ತಾನೆ. ಪದ್ಮಿನಿಯ ಮಗು ಮೊದಲ ಸಲ ನಗುವುದು ಆ ಕುದುರೆಯ ಜೊತೆಯಲ್ಲಿ. ತಂದೆ ಯಾರೆಂಬ ವ್ಯಾಜ್ಯ ಇಬ್ಬರು ಗೆಳೆಯರ ಜೀವ ತೆಗೆದುಕೊಂಡಿತು. ಮಗುವಿಗೆ ಆ ವ್ಯಾಜ್ಯದ ತೀರ್ಪು ಬೇಕಿರಲಿಲ್ಲ, ತನ್ನೊಡನೆ ನಗುವವರೊಬ್ಬರು ಬೇಕಿದ್ದರು. ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಮಗುವಿನ ಬಣ್ಣ, ಬುದ್ಧಿ, ರೂಪವನ್ನು ಮೊದಲೇ ಗೊತ್ತು ಮಾಡಲು ಹೊರಟವರು ಉತ್ತರಿಸಬೇಕಾದ ಪ್ರಶ್ನೆಯೂ ಅದೇ: ಹುಟ್ಟಿದ ಕೂಸು ಅವರು ಕೇಳಿದಂತೆ ಇಲ್ಲದಿದ್ದರೆ, ಅದನ್ನು ಎತ್ತಿಕೊಳ್ಳುವವರು ಯಾರು?